ಹಿಂಬಾಗಿಲಿಗೆ ಬಿಗಿದ ತಂತಿ

ಬೆಳಿಗ್ಗೆ ಎಂಟಾದರೆ ಆ ಬೀದಿಯಲ್ಲಿ ಶಾಲೆ ವ್ಯಾನುಗಳದೇ ಗಲಾಟೆ. ಒಂದೊಂದರಲ್ಲೂ ಮಕ್ಕಳು ಕಿಕ್ಕಿರಿದಿರುತ್ತಾರೆ. ಎಲ್ಲರೂ ನೋಡುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ.

ಬಟ್ಟೆ ಹೊಲಿಯುವ ಅಕ್ಕ ಮಾತ್ರ ಯಂತ್ರ ನಿಲ್ಲಿಸಿ ಒಂದೇ ವ್ಯಾನನ್ನು ನೋಡುತ್ತಿದ್ದಳು. ಅದು ಮೈದುನನದು. ಅವಳ ಗಂಡನೂ ವ್ಯಾನು ಓಡಿಸುವವನೇ. ಆದರೆ ಈ ವರ್ಷ ಅವನ ವ್ಯಾನಿನಲ್ಲಿ ಹೋಗುತ್ತಿದ್ದ ಆರು ಶಾಲೆ ಮಕ್ಕಳು ಮೈದುನನ ವ್ಯಾನು ಹತ್ತಿದ್ದರು. ಅಂದಿನಿಂದ ಓರಗಿತ್ತಿ ನಕ್ಕರೂ ಇವಳಿಗೆ ಹೊಟ್ಟೆ ಉರಿ. ಅವರ ಮನೆಗೆ ಹೊಸ ಪರದೆ ಬಂದ ದಿನ ಇವಳಿಗೆ ಊಟ ಸೇರಿರಲಿಲ್ಲ.

ಆ ಸೋಮವಾರ ತಿರುವಿನಲ್ಲಿ ಮೈದುನನ ವ್ಯಾನು ವಾಲಿದಾಗ ಹಿಂಬಾಗಿಲು ಗೇಣುದ್ದ ಬಾಯಿ ತೆರೆಯಿತು. ಚಿಲಕ ಮುರಿದಿತ್ತು. ಬಾಗಿಲನ್ನು ತಂತಿಯಿಂದ ಬಿಗಿದಿದ್ದರು. ಎದುರು ಮನೆಯ ಒಂದನೇ ತರಗತಿ ಹುಡುಗಿ ಅದಕ್ಕೇ ಬೆನ್ನು ಕೊಟ್ಟು ಕೂತಿದ್ದಳು.

ಅಕ್ಕ ಯಂತ್ರ ಬಿಟ್ಟು ಎದ್ದಳು. ನೇರ ಓರಗಿತ್ತಿಯ ಮನೆಗೆ ಹೋದಳು.

"ತಂಗೀ, ನಿಮ್ಮ ವ್ಯಾನಿನ ಚಿಲಕ ಮುರಿದಿದೆಯಲ್ಲ?"

"ನಮ್ಮ ವ್ಯಾನಿನ ಮೇಲೆ ನಿಂಗ್ಯಾಕಕ್ಕಾ ಕಣ್ಣು? ಭಾವನ ಗಾಡಿ ನೋಡ್ಕೋ."

ಮನೆಗೆ ಬಂದು ದೂರು ಕೊಡುತ್ತೇನೆಂದಾಗ ಗಂಡನೂ ಬೇಡವೆಂದು ತಲೆಯಾಡಿಸಿದ. "ದೂರು ಗೀರು ಅಂತ ಹೋಗ್ಬೇಡ. ಹೊಟ್ಟೆಕಿಚ್ಚು ಅಂತ ಬೀದಿಯೆಲ್ಲಾ ಆಡ್ಕೊಳ್ಳುತ್ತೆ. ದೂರೆಲ್ಲಾ ಕೊನೆಗೆ ಹೋಗೋದು ಕಸದ ಬುಟ್ಟಿಗೇ."

ಹೊಟ್ಟೆಕಿಚ್ಚಿನ ಮಾತು ನಿಜವಾದದ್ದಕ್ಕೇ ಅವಳಿಗೆ ಚುಚ್ಚಿತು. ಹೊಟ್ಟೆಕಿಚ್ಚಂತೂ ಇತ್ತು. ಆದರೆ ಆ ತಂತಿಯೂ ಇತ್ತಲ್ಲ!

ಎರಡು ಪುಟ ದೂರು ಬರೆದು, ಸಾರಿಗೆ ತಪಾಸಣಾ ಕಚೇರಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯಾಕೆಗೆ ತೋರಿಸಿದಳು. ಆಕೆ ಪೆನ್ಸಿಲ್ ಹಿಡಿದು ಓದತೊಡಗಿದಳು.

"'ಮನೆಗೆ ಹೊಸ ಪರದೆ ಹಾಕಿದ್ದಾರೆ.' ಪರದೆ ತಪಾಸಣೆ ನಮ್ಮ ಇಲಾಖೆಗೆ ಬರಲ್ಲಮ್ಮಾ. 'ಕುಡಿದು ಓಡಿಸುತ್ತಾನೆ.' ನೀನು ನೋಡಿದ್ದೀಯಾ?"

"ಇಲ್ಲ... ಕುಡಿದ್ರೂ ಕುಡೀಬಹುದು."

"ಹೊಡೆದು ಹಾಕು."

ಕೊನೆಗೆ ಉಳಿದದ್ದು ನಾಲ್ಕೇ ಸಾಲು.

"ನಿಜ ಹೇಳ್ಲಾ? ನನ್ನ ಓರಗಿತ್ತೀನ ಕಂಡ್ರೆ ನಂಗೆ ಆಗಲ್ಲ. ನನ್ನಂಥವಳು ದೂರು ಕೊಡಬಹುದಾ?"

"ನೀನ್ಯಾಕೆ ಬರೆದೆ ಅಂತ ಕೇಳೋ ಕಾಲಂ ನಮ್ಮ ಅರ್ಜಿಯಲ್ಲಿಲ್ಲ. ಗಾಡಿ ನಂಬರು, ದಿನ, ಹೊತ್ತು, ಜಾಗ, ಕಣ್ಣಾರೆ ಕಂಡದ್ದು, ಅಷ್ಟೇ. ದೂರಿಗೊಂದು ಸಂಖ್ಯೆ ಕೊಡ್ತೀವಿ, ಅದನ್ನಿಟ್ಕೊಂಡು ಏನಾಯ್ತು ಅಂತ ಕೇಳಬಹುದು. ನಿನ್ನ ಹೆಸರು ಗಾಡಿಯವರಿಗೆ ಹೇಳಲ್ಲ. ಬರೀ ನಿನ್ನ ಮಾತು ನಂಬಿ ದಂಡಾನೂ ಹಾಕಲ್ಲ. ಇನ್‌ಸ್ಪೆಕ್ಟರೇ ಹೋಗಿ ನೋಡ್ತಾರೆ. ಸುಳ್ಳಾದ್ರೆ ಅಲ್ಲಿಗೇ ಮುಗೀತು."

ಅಕ್ಕ ಆ ನಾಲ್ಕು ಸಾಲು ಕೊಟ್ಟ ಮೂರನೇ ದಿನ ಇನ್‌ಸ್ಪೆಕ್ಟರ್ ಶಾಲೆಯ ಬಾಗಿಲಲ್ಲಿ ನಿಂತು, ಒಂದೂ ಬಿಡದೆ ಎಲ್ಲ ವ್ಯಾನುಗಳನ್ನೂ ತಪಾಸಣೆ ಮಾಡಿದರು. ಚಿಲಕ ಹಾಕಿಸಿ ಕಚೇರಿಗೆ ತಂದು ತೋರಿಸುವವರೆಗೆ ಮಕ್ಕಳನ್ನು ಹತ್ತಿಸಬೇಡ ಎಂದು ಮೈದುನನಿಗೆ ನೋಟಿಸು ಕೊಟ್ಟರು. ಅಕ್ಕನ ಗಂಡನಿಗೂ ಒಂದು ನೋಟಿಸು ಸಿಕ್ಕಿತು. ಅವನ ಗಾಡಿಯ ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿತ್ತು!

"ನಿನ್ನ ದೂರು ನನ್ನ ಬುಡಕ್ಕೇ ಬಂತಲ್ಲೇ!"

"ಬರ್ಲಿ ಬಿಡ್ರೀ. ಬೆಂಕಿ ಬಿದ್ದಿದ್ರೆ ಏನ್ ಮಾಡ್ತಿದ್ರಿ, ಬಾಯಲ್ಲಿ ಊದ್ತಿದ್ರಾ?"

ಅವನು ನಗಲು ಹೋಗಿ ನಿಲ್ಲಿಸಿದ. "ಆ ತಂತಿ ಇತ್ತಲ್ಲ, ಇನ್‌ಸ್ಪೆಕ್ಟರ್ ಎಳೆದ ಒಂದೇ ಏಟಿಗೆ ತುಂಡಾಯ್ತು ಕಣೇ. ನೀನು ಬರೆದದ್ದೇ ಒಳ್ಳೇದಾಯ್ತು." ಮರುದಿನವೇ ಹೊಸ ಸಿಲಿಂಡರು ತಂದ.

ವಾರದ ನಂತರ ಗಟ್ಟಿ ಚಿಲಕದೊಂದಿಗೆ ಮೈದುನನ ವ್ಯಾನು ಬಂತು. ತಪಾಸಣೆಯಾದ ಗಾಡಿಯೆಂದು ಇನ್ನೂ ಮೂರು ಮಕ್ಕಳು ಅದನ್ನೇ ಹತ್ತಿದರು. ಅಕ್ಕನ ಹೊಟ್ಟೆ ಮತ್ತೆ ಉರಿಯಿತು. ಆದರೆ ವ್ಯಾನು ತಿರುವು ದಾಟುವಾಗ ಅವಳು ಉಸಿರು ಬಿಗಿಹಿಡಿಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನಸ್ಸು ಪೂರಾ ತಿಳಿಯಾಗಲಿ ಎಂದು ಕಾಯಬೇಡಿ, ಮುರಿದ ಬಾಗಿಲು ಅಲ್ಲಿಯವರೆಗೆ ಕಾಯುವುದಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆಯಿರಿ, ಇಂದೇ ಸಾರಿಗೆ ಕಚೇರಿಗೆ ತಲುಪಿಸಿ.