ಭಾವಮೈದುನನ ಕುಡಿತ

ಗ್ರಂಥಾಲಯದ ಮುಂದೆ ಕತ್ತರಿ ಮೂರನೇ ಸುತ್ತು ಹಾಕುತ್ತಿದ್ದ. ಕ್ಷೌರದಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಗಿದ್ದರಿಂದ ಜನರ ಬಾಯಲ್ಲಿ ಅವನ ಹೆಸರೇ ಕತ್ತರಿ. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಈ ಕಟ್ಟಡದಲ್ಲಿ ಕುಡಿತ ಬಿಡುವವರ ಸಭೆ ನಡೆಯುತ್ತದೆ, ಸುಮ್ಮನೆ ಹೋಗಿ ಕೂತು ಬಾ ಎಂದು ಡಾಕ್ಟರು ಹೇಳಿದ್ದರು. ಅವರಿಗೇನು, ಹೇಳಿಬಿಟ್ಟರು. ಇಲ್ಲಿ ಬೋರ್ಡಿಲ್ಲ, ಬಾಣದ ಗುರುತಿಲ್ಲ. ಇದ್ದಿದ್ದರೂ ಈ ಮಹಾರಾಯ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದನೇ ಎನ್ನುವುದು ಅನುಮಾನ.

ಆದರೆ ಇವತ್ತು ಹಾಗೇ ಮನೆಗೆ ಹಿಂದಿರುಗುವಂತಿರಲಿಲ್ಲ. ಪಾರ್ಶ್ವವಾಯು ಬಡಿದು ಮಲಗಿದ್ದ ಅಪ್ಪನಿಗೆ ವಾರಕ್ಕೊಮ್ಮೆ ಗಡ್ಡ ಹೆರೆಯುವುದು ಇವನ ಕೆಲಸ. ಇವನಿಗೆ ಕತ್ತಿ ಹಿಡಿಯಲು ಕಲಿಸಿದವನೂ ಅದೇ ಅಪ್ಪ. ಹೋದ ಭಾನುವಾರ ಕೈ ನಡುಗಿ ಗದ್ದದ ಕೆಳಗೆ ಗಾಯವಾಯಿತು. ಇವತ್ತು ಬೆಳಿಗ್ಗೆ ನೊರೆ ಹಚ್ಚಲು ಹೋದರೆ ಅಪ್ಪ ಮುಖವನ್ನು ಗೋಡೆ ಕಡೆ ತಿರುಗಿಸಿಬಿಟ್ಟ. ಅಪ್ಪನ ಮೈಯಲ್ಲಿ ಹೇಳಿದ ಹಾಗೆ ಕೇಳುತ್ತಿದ್ದದ್ದು ಆ ಕುತ್ತಿಗೆಯೊಂದೇ. ಬಯ್ದಿದ್ದರೆ ಕತ್ತರಿ ತಡೆದುಕೊಳ್ಳುತ್ತಿದ್ದ, ಬೈಗುಳ ಅವನಿಗೆ ರೂಢಿಯಾಗಿಹೋಗಿತ್ತು. ಆ ಮುಖವನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಳ್ಳಬೇಕು ಎಂಬ ಆಸೆಯೊಂದೇ ಅವನನ್ನು ಇಲ್ಲಿಯವರೆಗೆ ಎಳೆದು ತಂದಿತ್ತು.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲುಗಾರ ಕೊನೆಗೆ ತಾನೇ ಕೇಳಿದ. "ಏನ್ ಸ್ವಾಮಿ, ಏನಾದ್ರೂ ಕಳ್ಕೊಂಡ್ರಾ?"

"ಅದೇ... ಒಂದು ಸಭೆ ನಡೆಯುತ್ತಂತಲ್ಲ, ಈ ಕುಡಿಯೋರದ್ದು." ಕತ್ತರಿ ಒಮ್ಮೆ ಹಿಂದೆ ಮುಂದೆ ನೋಡಿದ. "ನನಗಲ್ಲ ಮತ್ತೆ! ನಮ್ಮ ಭಾವಮೈದುನ ಒಬ್ಬ ಇದ್ದಾನೆ, ವಿಪರೀತ ಕುಡೀತಾನೆ. ಅವನ ಸಲುವಾಗಿ ಕೇಳ್ದೆ."

ಅವನ ಭಾವಮೈದುನನನ್ನು ಬಲ್ಲವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಕೆಮ್ಮಿನ ಔಷಧಿಯನ್ನು ಕೂಡ ಹತ್ತು ಸಲ ಮೂಸಿ ನೋಡಿ ಕುಡಿಯುವ ಆ ಸಾಧುಪ್ರಾಣಿಯ ತಲೆಯ ಮೇಲೆ ಎಷ್ಟು ಸಲೀಸಾಗಿ ಗೂಬೆ ಕೂರಿಸಿಬಿಟ್ಟ!

"ಹಂಗಾದ್ರೆ ನೀವು ಮನೆಯವ್ರು. ಮೇಲಿನ ಕೋಣೆಗೆ ಹೋಗಿ" ಎಂದ ಕಾವಲುಗಾರ.

ಮನೆಯವರು ಎಂದರೇನು ಎಂದು ಯೋಚಿಸುವ ವ್ಯವಧಾನ ಕತ್ತರಿಗೆ ಇರಲಿಲ್ಲ. ಸದ್ಯ, ಗುರುತಿನವರು ಯಾರೂ ನೋಡಲಿಲ್ಲ ಎಂದುಕೊಂಡು ಎರಡೆರಡು ಮೆಟ್ಟಿಲು ಹಾರಿ ಹತ್ತಿದ.

ಕೋಣೆಯಲ್ಲಿ ಏಳೆಂಟು ಜನ ದುಂಡಗೆ ಕೂತಿದ್ದರು. ಹೆಚ್ಚಿನವರು ಹೆಂಗಸರು. ಯಾರ ಮುಖದಲ್ಲೂ ಕುಡಿತದ ಕಳೆಯಿಲ್ಲ. ಅವನಿಗೆ ಆಗ ಹೊಳೆಯಿತು. ಇವರು ಕುಡಿಯುವವರಲ್ಲ, ಕುಡಿಯುವವರ ಜೊತೆ ಬಾಳುವವರು. ಕಾಲು ಕೀಳೋಣ ಎನ್ನುವಷ್ಟರಲ್ಲಿ ಬಾಗಿಲ ಪಕ್ಕದ ಅಜ್ಜಿಯೊಬ್ಬಳು ಕುರ್ಚಿ ಎಳೆದು, "ಬಾರಪ್ಪ, ಕೂತ್ಕೋ" ಎಂದಳು. ಆ ದನಿಗೆ ಇಲ್ಲ ಎನ್ನಲಾಗಲಿಲ್ಲ.

ಎದುರಿಗೆ ಕೂತಿದ್ದ ನರ್ಸೊಬ್ಬಳು ಮಾತಾಡುತ್ತಿದ್ದಳು. "ಅವರು ಬಾಗಿಲು ತೆಗೆಯೋ ಸದ್ದು ಕೇಳಿದ್ರೆ ಸಾಕು, ಮಗು ಪುಸ್ತಕ ಮುಚ್ಚಿ ನಿದ್ದೆ ಬಂದೋರ ಹಂಗೆ ಮಲಗಿಬಿಡುತ್ತೆ. ಈಗ ನಾನೂ ಅದನ್ನೇ ಕಲ್ತಿದ್ದೀನಿ."

ಕತ್ತರಿಗೆ ತನ್ನ ಮನೆ ನೆನಪಾಯಿತು. ತಾನು ಮನೆ ಸೇರುವ ಹೊತ್ತಿಗೆ ಹೆಂಡತಿ ದಿನವೂ ಗಾಢ ನಿದ್ದೆಯಲ್ಲಿ ಇರುತ್ತಿದ್ದಳು. ಕುಡಿದರೂ ಅವಳ ನಿದ್ದೆ ಕೆಡಿಸಿದವನಲ್ಲ ಎಂದು ಇವನು ಅಂಗಡಿಯಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು.

ಸರದಿ ಇವನ ಬಳಿ ಬಂತು. "ಇಷ್ಟ ಇದ್ರೆ ಹೇಳಪ್ಪ, ಬಲವಂತ ಇಲ್ಲ" ಎಂದಳು ಅಜ್ಜಿ.

"ನಮ್ಮ ಭಾವಮೈದುನ..." ಎಂದು ಶುರುಮಾಡಿದ. "ಕೆಟ್ಟವನಲ್ಲ. ಕೆಲಸದಲ್ಲಿ ಅವನನ್ನ ಮೀರಿಸೋರಿಲ್ಲ. ಆದ್ರೆ ಬೆಳಿಗ್ಗೆ ಒಂದು ಗುಟುಕು ಒಳಗೆ ಹೋಗದಿದ್ರೆ ಕೈ ನಿಲ್ಲಲ್ಲ ಅವನಿಗೆ. ಹೋದ ವಾರ ಅವರಪ್ಪನಿಗೆ ಗಡ್ಡ ಮಾಡೋವಾಗ ಕುಯ್ದುಬಿಟ್ಟ. ಅವರಪ್ಪ ಅಮ್ಮಾ ಅಂತಲೂ ಅನ್ನಲಿಲ್ಲ. ಮಗನ ಕೈಯನ್ನೇ ನೋಡ್ತಾ ಇದ್ರು. ಇವತ್ತು ಹೋದ್ರೆ ಮುಖ ತಿರುಗಿಸಿದ್ರು. ಅವನು ಬ್ರಷ್ ಹಿಡ್ಕೊಂಡು... ನೊರೆ ಎಲ್ಲ ಒಣಗೋ ತನಕ ಹಂಗೇ ನಿಂತಿದ್ದೆ."

ನಿಂತಿದ್ದ ಎನ್ನಬೇಕಿತ್ತು. ಇಷ್ಟು ಹೊತ್ತು ಭಾವಮೈದುನನನ್ನು ಜೋಪಾನವಾಗಿ ನಡೆಸಿಕೊಂಡು ಬಂದ ನಾಲಿಗೆ ಕೊನೆಯ ಒಂದೇ ಒಂದು ಅಕ್ಷರದಲ್ಲಿ ಕೈಕೊಟ್ಟಿತು.

"ಅಂದ್ರೆ... ಅವನು ನಿಂತಿದ್ದ" ಎಂದ. ಯಾರೂ ನಗಲಿಲ್ಲ. ನರ್ಸು ತನ್ನ ನೀರಿನ ಬಾಟಲಿಯನ್ನು ಅವನ ಕಡೆ ಚಾಚಿದಳು. ಅದನ್ನು ತೆಗೆದುಕೊಳ್ಳಲು ಕೈ ನೀಡಿದವನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಅಳು ನಿಲ್ಲುವವರೆಗೆ ಕಾದು ಅಜ್ಜಿ ಎದ್ದಳು. "ನೀನು ಕೂರಬೇಕಾದ ಕೋಣೆ ಕೆಳಗಿದೆ ಮಗಾ. ಬಾ, ನಾನೂ ಬರ್ತೀನಿ."

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅವನ ತೋಳು ಹಿಡಿದು ಅಜ್ಜಿ ಒಂದೊಂದೇ ಮೆಟ್ಟಿಲು ಇಳಿದಳು. ಯಾರು ಯಾರನ್ನು ಇಳಿಸುತ್ತಿದ್ದಾರೆ ಎಂದು ಹೇಳುವುದು ಕಷ್ಟವಿತ್ತು.

"ನಿಮ್ಮನೇಲಿ ಯಾರಮ್ಮ ಕುಡಿಯೋದು?" ಎಂದು ಕೇಳಿದ ಕತ್ತರಿ.

"ಈಗ ಯಾರೂ ಇಲ್ಲಪ್ಪ. ಮಗ ತೀರ್ಕೊಂಡು ಆರು ವರ್ಷ ಆಯ್ತು." ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಳು. "ಅವನೂ ಒಂದ್ಸಲ ಇಲ್ಲಿಗೆ ಬಂದಿದ್ನಂತೆ. ಸ್ನೇಹಿತನ ಸಲುವಾಗಿ ಬಂದೆ ಅಂದನಂತೆ. ಮೇಲೆ ಕಳ್ಸಿದ್ರು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೊರಟುಹೋದನಂತೆ. ಕೆಳಗೆ ಕರ್ಕೊಂಡು ಹೋಗ್ಬೇಕು ಅಂತ ಅವತ್ತು ಯಾರಿಗೂ ಹೊಳೀಲಿಲ್ಲ."

ಕತ್ತರಿ ಅಜ್ಜಿಯ ಕೈಯ ಮೇಲೆ ತನ್ನ ಕೈ ಇಟ್ಟ. ಅದು ಈಗಲೂ ನಡುಗುತ್ತಿತ್ತು. ಅಜ್ಜಿ ಅದನ್ನು ಸರಿಸಲಿಲ್ಲ.

ಕೆಳಗಿನ ಕೋಣೆಯ ಬಾಗಿಲು ತಟ್ಟಿದಾಗ ದಪ್ಪ ಕನ್ನಡಕದ ಗಂಡಸೊಬ್ಬ ತೆರೆದು, ಮೊದಲು ಅಜ್ಜಿಯನ್ನೂ ಆಮೇಲೆ ಇವನನ್ನೂ ನೋಡಿದ.

"ಯಾರ ಸಲುವಾಗಿ ಬಂದ್ರಿ?"

ಅಜ್ಜಿ ಕತ್ತರಿಯ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನನ್ನ ಸಲುವಾಗಿ" ಎಂದ ಕತ್ತರಿ. "ನಾನೇ ಕುಡಿಯೋದು."

ಆಗ ಅಜ್ಜಿ ಅವನ ತೋಳು ಬಿಟ್ಟಳು.