ಗವಾಕ್ಷದ ಬೋರ್ಡು

ಬೋರ್ಡು ಬರೆಯುವ ಆ ಅಂಗಡಿಯಲ್ಲಿ ಅಕ್ಷರ ಬರೆಯುವವರು ಮಾವ, ಅಂಗಡಿ ನಡೆಸುವವಳು ಸೊಸೆ. ಮಾವನಿಗೆ ಬೀದಿಯವರು ಇಟ್ಟ ಹೆಸರು ‘ಧಾತು ಮಾವ’. ಯಾವ ಸಂಸ್ಕೃತ ಪದ ಕಿವಿಗೆ ಬಿದ್ದರೂ ಅದರ ಬೇರು ಅಗೆಯದೆ ಅವರ ಬ್ರಷ್ ಓಡುತ್ತಿರಲಿಲ್ಲ. ಅಷ್ಟರಲ್ಲಿ ಗಿರಾಕಿಗಳು ಓಡಿಬಿಡುತ್ತಿದ್ದರು.

ಹೋದ ತಿಂಗಳು ವಿಚಾರಗೋಷ್ಠಿಯ ಬ್ಯಾನರ್ ಬರೆಸಲು ಬಂದ ಪ್ರೊಫೆಸರಿಗೆ, “ಗೋಷ್ಠ ಅಂದ್ರೆ ಮೊದಲು ದನದ ಕೊಟ್ಟಿಗೆ ಸಾರ್. ಆಮೇಲೆ ಜನ ಸೇರೋ ಕಡೆಗೆಲ್ಲ ಅದೇ ಹೆಸರಾಯ್ತು” ಎಂದಿದ್ದರು. ಪ್ರೊಫೆಸರು ನೆಟ್ಟಗೆ ಎದುರುಗಡೆಯ ಫ್ಲೆಕ್ಸ್ ಅಂಗಡಿಗೆ ಹೋದರು. ‘ಚಿಕಿತ್ಸೆ’ಯ ಧಾತುವಿಗೆ ಸಂದೇಹ ಅನ್ನುವ ಅರ್ಥವೂ ಉಂಟು ಎಂದು ಕೇಳಿಸಿಕೊಂಡ ಡಾಕ್ಟರೂ ರಸ್ತೆ ದಾಟಿದರು.

ಈಗ ಕೈಯಲ್ಲಿದ್ದದ್ದು ಒಂದೇ ಕೆಲಸ. ಕಿಟಕಿ ಮಾಡುವವನ ಹೊಸ ಮಳಿಗೆಗೆ ಹದಿನೆಂಟು ಅಡಿ ಬೋರ್ಡು. ಅದೂ ಕೈತಪ್ಪಿದರೆ ಬಾಗಿಲು ಮುಚ್ಚಿ, ತಾನೂ ಆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರ್ ಮುಂದೆ ಕೂರುವುದೇ ಸರಿ ಎಂದು ಸೊಸೆ ನಿಶ್ಚಯಿಸಿದ್ದಳು.

“ಮಾವ, ಕಿಟಕಿಯವರು ಬಂದು ಹೋಗೋವರೆಗೂ ಬ್ರಷ್ ಹಲ್ಲಲ್ಲಿ ಕಚ್ಕೊಂಡಿರಿ. ತೆಗೆದ್ರೆ ನನ್ನಾಣೆ.”

“ಯಾಕಮ್ಮ, ನಾನೇನು ಜಗಳ ಆಡ್ತೀನಾ?”

“ಜಗಳ ಆಡಲ್ಲ, ಪಾಠ ಮಾಡ್ತೀರ!”

ಪೆನ್ಸಿಲ್ ಗೆರೆ ಎಳೆಯುವಾಗ ಬ್ರಷ್ ಕಚ್ಚಿಕೊಳ್ಳುವುದು ಅವರಿಗೆ ರೂಢಿಯೇ. ಗಿರಾಕಿ ಬಂದಾಗ ಏಣಿಯ ಮೇಲೆ ಮೌನವ್ರತ ಹಿಡಿದವರಂತೆ ನಿಂತಿದ್ದರು.

ಕಿಟಕಿಯವನು ಬೋರ್ಡಿನ ಮೇಲಿನ ಪೆನ್ಸಿಲ್ ಗುರುತು ನೋಡಿ ಹಿಗ್ಗಿದ. “‘ಗವಾಕ್ಷ’! ಗತ್ತಾಗಿದೆ ಅಲ್ವಾ ಅಕ್ಕ? ಅರ್ಥ ಏನು?”

“ಕಿಟಕಿ ಅಂತ ಅಣ್ಣ.”

“ಅದು ನನಗೂ ಗೊತ್ತು. ಕಿಟಕಿಗೆ ಯಾಕೆ ಹಾಗಂತಾರೆ? ಮಳಿಗೆ ತೆಗೆಯೋ ದಿನ ಯಾರಾದ್ರೂ ಕೇಳಿದ್ರೆ ತಲೆ ಕೆರ್ಕೊಂಡು ನಿಲ್ಲೋಕಾಗುತ್ತಾ?”

ಏಣಿಯ ಮೇಲಿಂದ “ಹ್ಞೂಂ... ಹ್ಞೂಂ...” ಎಂಬ ನರಳಾಟ ಕೇಳಿಸಿತು. ಮಾವನ ಮೀಸೆ ಕುಣಿಯುತ್ತಿತ್ತು, ಬ್ರಷ್ಷಿನ ಹಿಡಿ ಹಲ್ಲಿನ ನಡುವೆ ಕರಕರ ಎನ್ನುತ್ತಿತ್ತು. ಸೊಸೆ ಕಣ್ಣಲ್ಲೇ ಗದರಿದಳು.

“ಏನೋ ಹಳೇ ಪದ, ಬಿಡಿ” ಎಂದು ಮಾತು ತೇಲಿಸಿದಳು.

“‘ಗವ’ ಅಂದ್ರೆ ಗಾಜು ಇರ್ಬೇಕು” ಎಂದ ಗಿರಾಕಿ, ತನಗೆ ತಾನೇ ತಲೆಯಾಡಿಸುತ್ತ.

ಸೊಸೆಗೆ ಮುಳ್ಳು ಚುಚ್ಚಿದಂತಾಯಿತು. ಬಣ್ಣದ ಡಬ್ಬಿಗಳ ನಡುವೆ ಹದಿನಾಲ್ಕು ವರ್ಷ ಬೇಡಬೇಡವೆಂದರೂ ಕಿವಿಗೆ ಬಿದ್ದದ್ದೆಲ್ಲ ಗಂಟಲಿಗೆ ನುಗ್ಗಿ ಬಂತು. ತಡೆಯಲೆಂದು ಒಂದು ಡಬ್ಬಿಯ ಮುಚ್ಚಳ ಬಿಗಿದಳು. ಇನ್ನೊಂದನ್ನೂ ಬಿಗಿದಳು. ಆಗಲಿಲ್ಲ.

“ಗಾಜೂ ಇಲ್ಲ, ಗೀಜೂ ಇಲ್ಲ! ಗೋ ಅಂದ್ರೆ ಹಸು, ಅಕ್ಷ ಅಂದ್ರೆ ಕಣ್ಣು. ಆಗಿನ ಕಿಟಕಿ ಹಸುವಿನ ಕಣ್ಣಿನ ಹಾಗೆ ದುಂಡಗಿರ್ತಿತ್ತಂತೆ. ಮನೆ ಆ ಕಣ್ಣಲ್ಲಿ ಬೀದಿ ನೋಡ್ತಿತ್ತು. ನಿಮ್ಮ ಚೌಕದ ಅಲ್ಯೂಮಿನಿಯಂ ಕಿಟಕಿಗೆ ಆ ಹೆಸರು ಒಪ್ಪೋದೇ ಇಲ್ಲ ಅಣ್ಣ!”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮಾವನ ಬಾಯಿಂದ ಬ್ರಷ್ ಜಾರಿ ನೆಲಕ್ಕೆ ಬಿತ್ತು. ಕಿಟಕಿಯವನು ಎದುರುಗಡೆಯ ಫ್ಲೆಕ್ಸ್ ಅಂಗಡಿಯತ್ತ ತಿರುಗಿದ. ಮುಗಿಯಿತು ಕಥೆ ಎಂದುಕೊಂಡಳು ಸೊಸೆ.

“ಮೊದಲು ಅಲ್ಲೇ ಕೇಳಿದ್ದೆ ಅಕ್ಕ. ಅರ್ಥ ಯಾಕೆ, ಅಳತೆ ಹೇಳಿ ಅಂದ ಆ ಪುಣ್ಯಾತ್ಮ.” ಗಿರಾಕಿ ಗಲ್ಲ ಸವರಿಕೊಂಡ. “ಚೌಕಕ್ಕೆ ಒಪ್ಪಲ್ವಾ? ಸರಿ, ಬಾಗಿಲ ಪಕ್ಕ ಒಂದು ದುಂಡನೆ ಕಿಟಕಿ ಕೂರಿಸ್ತೀನಿ. ಕೇಳಿದವರಿಗೆ ಅದನ್ನೇ ತೋರಿಸಿ ಈ ಹಸುವಿನ ಕಥೆ ಹೇಳ್ತೀನಿ. ನೀವು ಬರೀರಿ.”

ಅವನು ಬೀದಿಯ ತಿರುವಿನಲ್ಲಿ ಮರೆಯಾದದ್ದೇ ತಡ, ಮಾವ ಏಣಿಯಿಂದ ಸರಸರ ಇಳಿದರು.

“ನಾನು ತುಟಿ ಬಿಚ್ಚಲಿಲ್ಲ ತಾಯಿ. ನೀನೇ ಸಾಕ್ಷಿ.” ಹೇಳುತ್ತಿದ್ದಂತೆ ಅವರ ಮುಖ ಬೆಳಗಿತು. “ಸಾಕ್ಷಿ! ಅದರೊಳಗೂ ಒಂದು ಕಣ್ಣಿದೆ, ಗೊತ್ತಾ?”

ಸೊಸೆ ಸ್ಟೂಲು ಎಳೆದುಕೊಂಡು ಕೂತಳು.

“ಬೇಗ ಹೇಳಿ ಮಾವ, ಬಣ್ಣ ಕಲಸ್ಬೇಕು.”