ಮೂರನೆಯ ಎಳೆ

ಕಾಲುಚೀಲ ಮೇಷ್ಟ್ರ ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿತ್ತು. ಹೆಂಡತಿ ಜಗ್ಗಿ ಜಗ್ಗಿ ಸರಿಮಾಡುತ್ತಿದ್ದಳು. ಬದುಕಿದ್ದಾಗಲೇ ಬೆಚ್ಚಗಾಗದ ಪಾದಗಳು. ಈಗಂತೂ ಕೇಳುವುದೇ ಬೇಡ. ಇನ್ನೊಂದು ಕಾಲುಚೀಲ ಹಿಡಿದು ಮಗಳು ಕೂತಿದ್ದಳು. ಮೂವತ್ತು ದಾಟಿದರೂ ಎಲ್ಲರಿಗೂ ಅವಳು ಪುಟ್ಟಿಯೇ. ಅವಳ ಜೀವಕೋಶಗಳಲ್ಲಿ ಹುಟ್ಟಿನಿಂದಲೇ ಒಂದು ಕ್ರೋಮೊಸೋಮು ಹೆಚ್ಚು, ಎರಡಿರಬೇಕಾದ ಕಡೆ ಮೂರು. ಮಾತು ನಿಧಾನ, ನಡಿಗೆ ನಿಧಾನ, ಪ್ರೀತಿಗೆ ಮಾತ್ರ ಅವಸರ.

ಗೋಡೆ ಪಕ್ಕದ ಕುರ್ಚಿಯಲ್ಲಿ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ಕಂಡವರ ಹೊಟ್ಟೆಯ ತಪ್ಪು ಹೊತ್ತೇ ಸವೆದುಹೋದ ನನ್ನ ಮಗ."

ಸೊಸೆಗೆ ಅದು ಹಳೇ ರಾಗ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ರೂಢಿಯಾಗಿತ್ತು.

ಮೇಷ್ಟ್ರ ಪ್ರಯೋಗಶಾಲೆಯಲ್ಲಿ ಸ್ಲೈಡು ಸಿದ್ಧಮಾಡುತ್ತಿದ್ದಾಕೆ ಬಂದು ಪಕ್ಕದಲ್ಲಿ ಕೂತರು. ಕಾಲೇಜಿಗೆಲ್ಲ ಅವರು ಸ್ಲೈಡಕ್ಕ.

"ಪುಟ್ಟಿ ಹುಬ್ಬು ನೋಡಿ, ಥೇಟ್ ಮೇಷ್ಟ್ರದ್ದೇ," ಎಂದರು ಮೆಲ್ಲಗೆ. "ಆ ಮೂರರಲ್ಲಿ ಎರಡು ಅವರ ಕಡೆಯಿಂದ್ಲೇ ಬಂದಿದ್ದಲ್ವಾ."

ಕಾಲುಚೀಲ ಜಗ್ಗುತ್ತಿದ್ದ ಅವಳ ಕೈ ನಿಂತಿತು. "ಏನಂದ್ರಿ?"

"ನಿಮ್ಮ ಮೂರೂ ಜನರ ರಕ್ತದ ಸ್ಲೈಡು ನಾನೇ ಮಾಡಿದ್ದು. ಅವರ ಒಂದು ಕ್ರೋಮೊಸೋಮಿನ ತುದೀಲಿ ದಪ್ಪ ಚುಕ್ಕೆ ಇತ್ತು. ನಿಮ್ಮದ್ರಲ್ಲಿ ಇರ್ಲಿಲ್ಲ. ಮಗೂದ್ರಲ್ಲಿ ಮೂರರ ಪೈಕಿ ಎರಡಕ್ಕೆ ಅದೇ ಚುಕ್ಕೆ ಇತ್ತು. ಮೇಷ್ಟ್ರು ನೋಡಿ, ನನ್ನನ್ನೂ ಕರೆದು ತೋರ್ಸಿದ್ರು." ಸ್ಲೈಡಕ್ಕ ಅವಳ ಮುಖ ನೋಡಿ ತಡವರಿಸಿದರು. "ಹೇಳಿರ್ಲಿಲ್ವಾ? ನಾನು ಹೇಳಿರ್ತಾರೆ ಅಂದ್ಕೊಂಡಿದ್ದೆ."

*

ಪುಟ್ಟಿ ಆಗ ತೊಟ್ಟಿಲ ಕೂಸು. ಊಟದ ಮೇಜಿನ ಮೇಲೆ ಮೇಷ್ಟ್ರು ಹೊಲಿಗೆ ದಾರದ ತುಂಡುಗಳನ್ನು ಜೋಡಿಜೋಡಿಯಾಗಿ ಗಂಟು ಹಾಕಿ ಹರಡಿದ್ದರು.

"ಕೋಶ ಎರಡಾಗೋ ಮುಂಚೆ ಪ್ರತಿ ಜೋಡಿಯನ್ನೂ ಆ ಕಡೆಯಿಂದ ಒಂದು ಎಳೆ, ಈ ಕಡೆಯಿಂದ ಒಂದು ಎಳೆ ಹಿಡ್ಕೋಬೇಕು. ಒಂದೇ ಒಂದಕ್ಕೆ ಹಿಡಿತ ಸಿಗ್ಲಿಲ್ಲ ಅಂದ್ರೂ ಕೋಶ 'ತಡಿ' ಅನ್ನುತ್ತೆ. ಎಲ್ಲಾ ಬಿಗಿಯಾದ್ಮೇಲೇ ಗಂಟು ಕತ್ತರಿಸೋದು."

"ನಮ್ಮ ಮಗೂಗೆ?"

"ಆ ತಡೆ ತಪ್ಪಿಹೋಯ್ತು. ಒಂದು ಜೋಡಿ ಬಿಡಿಸಿಕೊಳ್ಳದೆ ಒಂದೇ ಕಡೆ ಹೋಯ್ತು."

"ಯಾರ ಕಡೇದಪ್ಪ ಅದು?" ಅತ್ತೆ ಕೇಳಿದ್ದರು.

ಮೇಷ್ಟ್ರು ತಲೆಯೆತ್ತದೆ ದಾರ ಸುತ್ತತೊಡಗಿದರು. "ಸಾಮಾನ್ಯವಾಗಿ ತಾಯಿಯ ಅಂಡದಲ್ಲೇ ಆಗೋದಮ್ಮ. ಅದು ವರ್ಷಗಟ್ಟಲೆ ಕಾದಿರುತ್ತೆ. ಗಂಟು ಸಡಿಲ ಆಗುತ್ತೆ."

ಒಂದಕ್ಷರ ಸುಳ್ಳಿರಲಿಲ್ಲ.

ಇನ್ನೊಂದು ಮಗು ಬೇಕೆಂದು ಅವಳು ಅತ್ತಾಗ, "ಮತ್ತೆ ನಿನಗೆ ಆ ನೋವು ಬೇಡ," ಎಂದು ತಲೆ ಸವರಿದ್ದರು. ತನ್ನ ತಪ್ಪನ್ನು ಒಮ್ಮೆಯೂ ಎತ್ತಿ ಆಡದ ಗಂಡ, ಎಂಥ ದೊಡ್ಡ ಮನಸ್ಸು ಎಂದು ಅವಳು ಕೈಮುಗಿದಿದ್ದಳು. ಆ ಋಣಕ್ಕೆ ಅತ್ತೆಯ ಮಾತನ್ನೆಲ್ಲ ನುಂಗಿದ್ದಳು.

*

"ಅದು ಯಾರ ತಪ್ಪೂ ಅಲ್ಲಮ್ಮ," ಸ್ಲೈಡಕ್ಕ ಅವಳ ಮೊಣಕೈ ಹಿಡಿದರು.

"ಅಷ್ಟನ್ನೇ ಅವರು ಹೇಳಿದ್ರೆ ಸಾಕಿತ್ತು."

ನಂಬಿಸಿ ಕತ್ತು ಕೊಯ್ದವನ ಜೊತೆ ಜಗಳವಾಡೋಣವೆಂದರೆ, ಆಸಾಮಿ ಕಣ್ಣು ಮುಚ್ಚಿ ಆರಾಮಾಗಿ ಮಲಗಿದ್ದಾನೆ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಹೆಣದ ಗಾಡಿಯ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಹೊರಡೋಣ್ವಾ?"

ಮೈದುನ ಮಡಿಸಿದ ಬಿಳಿ ಹೊದಿಕೆ ತಂದು ಅವಳ ಕೈಗಿಟ್ಟ. "ಅತ್ತಿಗೆ, ಮುಖ ಮುಚ್ಚಿಬಿಡಿ."

ಅವಳು ಎದ್ದಳು. ಮೇಷ್ಟ್ರ ತಲೆಯ ಬಳಿ ಹೋಗದೆ ಅತ್ತೆಯ ಮುಂದೆ ನಿಂತಳು.

"ಅತ್ತೆ, ಪುಟ್ಟೀಲಿ ಹೆಚ್ಚಿಗೆ ಇರೋ ಆ ಒಂದು ಬಂದಿದ್ದು ನಿಮ್ಮ ಮಗನಿಂದ. ಅವರಿಗೆ ಮೊದಲಿಂದ್ಲೂ ಗೊತ್ತಿತ್ತು."

"ಇವತ್ತಿನ ದಿನ ಎಂಥಾ ಮಾತಾಡ್ತಿದೀಯೇ?"

"ನಂಗೆ ಗೊತ್ತಾಗಿದ್ದೇ ಇವತ್ತು."

ಮೈದುನ ಸ್ಲೈಡಕ್ಕನ ಕಡೆ ನೋಡಿದ. ಅವರು ಹೌದೆಂದು ತಲೆಯಾಡಿಸಿದರು.

ಅವಳು ಹೊದಿಕೆಯನ್ನು ಅತ್ತೆಯ ತೊಡೆಯ ಮೇಲಿಟ್ಟಳು. "ಮುಚ್ಚೋದಿದ್ರೆ ನೀವೇ ಮುಚ್ಚಿ."

ಹೊರಗೆ ಡ್ರೈವರ್ ಎಂಜಿನ್ ಆರಿಸಿದ. ಹೊದಿಕೆಯ ಮೇಲೆ ಮುದುಕಿಯ ಕೈಗಳು ನಡುಗುತ್ತಿದ್ದವು, ಮೇಲೇಳಲಿಲ್ಲ.

ಪುಟ್ಟಿ ಅದನ್ನು ನೋಡಿದಳು. "ಅಜ್ಜೀಗೆ ಚಳಿ," ಎನ್ನುತ್ತ ಬಂದು, ಬಿಳಿ ಹೊದಿಕೆಯ ಮಡಿಕೆ ಬಿಡಿಸಿ, ಅಜ್ಜಿಯ ಭುಜದ ಸುತ್ತ ಹೊದಿಸಿ, ತುದಿಯನ್ನು ಗಲ್ಲದ ಕೆಳಗೆ ಬೆಚ್ಚಗೆ ಸಿಕ್ಕಿಸಿದಳು.